ದೇವರ ಗಡಿಗೆ

ಭತ್ತದ ಹೊಟ್ಟಿನ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ತ್ಯಾವಣಿಗೆಯ ನಮ್ಮ ಮನೆಯಲ್ಲಿ ಅನ್ನಕ್ಕಿಡುವ ಮುಂಚೆ ಅಜ್ಜಿ ಒಂದು ಹಿಡಿ ಅಕ್ಕಿಯನ್ನು, ಸುಗ್ಗಿಗೆ ಚರ್ಚಿಗೊಪ್ಪಿಸಲೆಂದು, ದೇವರ ಗಡಿಗೆಗೆ ಹಾಕುತ್ತಿದ್ದಳು. ‘ಕೊನೇ ತನಕ ತಾಳಿದೋರಿಗೆ ಮೇಲೆ ಕಿರೀಟ ಐತೆ’ ಅನ್ನುತ್ತಿದ್ದಳು.

ಸುಗ್ಗಿ ಆರಾಧನೆಯ ಮಧ್ಯಾಹ್ನ ಪಾದ್ರಿಗಳು ಸಭೆಯೆದುರು ಆ ಗಡಿಗೆ ಬಗ್ಗಿಸಿದರು. ಮೇಲಿನ ಅಕ್ಕಿಯ ಹಿಂದೆ ಬರೀ ಹೊಟ್ಟು ಸುರಿಯಿತು. ಯಾರೋ ನಕ್ಕರು. ಅಮ್ಮನ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಅಕ್ಕಿ ಮುಗಿದಿದ್ದ ವಾರ, ಜ್ವರದಲ್ಲಿದ್ದ ನನಗೆ ಅವಳು ಗುಟ್ಟಾಗಿ ಆ ಗಡಿಗೆಯ ಅಕ್ಕಿಯ ಗಂಜಿ ಕುಡಿಸಿದ್ದಳು.

‘ನಾನೇ ತಗಂಡಿದ್ದು, ಅಯ್ನೋರೆ,’ ಎಂದಳು ಅಜ್ಜಿ.

ದಾರಿಯಲ್ಲಿ ಅಮ್ಮ ಅತ್ತಳು. ‘ದೇವರ ಮನ್ಯಾಗೆ ಸುಳ್ಳು ಹೇಳಿದ್ರಲ್ಲ ಅತ್ತೆ. ನಿಮ್ಮ ಕಿರೀಟ?’

ಅಜ್ಜಿ ಮನೆಗೆ ಬಂದು ಮೊದಲ ಹಿಡಿಯನ್ನು ಮತ್ತೆ ಅದೇ ಗಡಿಗೆಗೆ ಹಾಕಿದಳು. ಉಳಿದದ್ದನ್ನು ಬೇಯಿಸಿ, ಮೊದಲು ನನಗೇ ಬಡಿಸಿದಳು.