ಉಲ್ಟಾ ಕೂತ ಕೆಪಾಸಿಟರ್

"ಉಲ್ಟಾ ಹಾಕಿದ್ದೀಯಲ್ಲೇ! ಕರೆಂಟ್ ಕೊಟ್ಟ ತಕ್ಷಣ ಪಟಾಕಿ ಹಾಗೆ ಸಿಡಿಯುತ್ತೆ. ನನ್ನ ಅಂಗಡಿ ಹೆಸರು ಕೆಡಿಸಬೇಕು ಅಂತಲೇ ಕೂತಿದ್ದೀಯಾ?"

ಮುದುಕ ಮೇಜು ಗುದ್ದಿದ ರಭಸಕ್ಕೆ, ಮದರ್‌ಬೋರ್ಡಿನಿಂದ ಕಿತ್ತಿಟ್ಟಿದ್ದ ಹೊಟ್ಟೆಯುಬ್ಬಿದ ಕೆಪಾಸಿಟರುಗಳು ನೆಲಕ್ಕುರುಳಿದವು. ಸೊಸೆ ತಲೆ ಎತ್ತಲಿಲ್ಲ. ಬೆಸುಗೆಯ ಹೊಗೆಯನ್ನು ಊದಿ, "ಸರಿಯಾಗೇ ಇದೆ ಮಾವ," ಎಂದಳು.

"ಏನು ಸರಿ? ಬೋರ್ಡಿನ ಮೇಲೆ ಬಿಳಿ ಬಳಿದಿರೋ ಕಡೆ ಮೈನಸ್ ಕಾಲು ಬರಬೇಕು. ಕಲಿಸಿದವನು ನಾನು. ಗುರುವಿಗೇ ತಿರುಮಂತ್ರ ಹಾಕ್ತೀಯಾ?"

"ಬೇರೆ ಬೋರ್ಡಲ್ಲಿ ಹಾಗೇ. ಇದರಲ್ಲಿ ಬಿಳಿ ಇರೋದು ಪ್ಲಸ್ ಕಡೆ. ಕೀಳೋಕೆ ಮುಂಚೆ ಒಂದೊಂದನ್ನೂ ನೋಡ್ಕೊಂಡಿದ್ದೀನಿ. ಆ ಮೂಲೇಲಿ ಕೆಡದೇ ಇರೋದು ಒಂದಿದೆ, ಅದನ್ನ ನಾನು ಮುಟ್ಟಿಲ್ಲ, ಬೇಕಾದ್ರೆ ನೀವೇ ನೋಡಿ."

ಅವನು ನೋಡಲಿಲ್ಲ. ಕೈ ನಡುಗತೊಡಗಿ ಬೆಸುಗೆಯನ್ನು ಸೊಸೆಗೆ ಬಿಟ್ಟುಕೊಟ್ಟ ಮೇಲೆ ಅವನಿಗೆ ಉಳಿದಿದ್ದು ಬಾಯೊಂದೇ. ಅದರಲ್ಲೂ ಸೋಲಲು ಅವನು ತಯಾರಿರಲಿಲ್ಲ.

ಸ್ಟೂಲಿನ ಮೇಲೆ ಕುಳಿತಿದ್ದ ಕಸೂತಿ ಅಂಗಡಿಯಾಕೆ ಗೋಗರೆದಳು. "ಮಾವ ಸೊಸೆ ಜಗಳದಲ್ಲಿ ನನ್ನ ಕೂಸು ಬಡವಾಗೋದು ಬೇಡ. ನನ್ನ ಕಸೂತಿ ಯಂತ್ರ ಈ ಹಳೇ ಕಂಪ್ಯೂಟರ್ ಮಾತು ಬಿಟ್ಟು ಇನ್ಯಾರ ಮಾತೂ ಕೇಳಲ್ಲ. ಇದು ಸತ್ರೆ ನಾನು ಬಾಗಿಲು ಹಾಕಬೇಕು."

"ಸಿಡಿದ್ರೆ ಇವಳು ಈ ಮೇಜು ಬಿಟ್ಟು ಏಳ್ತಾಳೆ," ಮುದುಕ ಗುಡುಗಿದ. "ಸಿಡೀದೇ ಇದ್ರೆ ನಾನು ಏಳ್ತೀನಿ. ಹಾಕು ಸ್ವಿಚ್ಚು!"

ಸೊಸೆ ಸ್ವಿಚ್ಚಿಗೆ ಕೈ ಹಾಕಿದಳು. ಬೈಯುತ್ತಲೇ ಮುದುಕ ತನ್ನ ನಡುಗುವ ಅಂಗೈಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದ.

ಫ್ಯಾನು ಗುಂಯ್ ಎಂದಿತು. ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಕಸೂತಿಯಾಕೆ ಕಣ್ಣೊರೆಸಿಕೊಂಡಳು. ಮುದುಕ ಈಗ ಕನ್ನಡಕ ಏರಿಸಿ, ಬಗ್ಗಿ, ಮೂಲೆಯ ಕೆಪಾಸಿಟರನ್ನು ಬಹಳ ಹೊತ್ತು ನೋಡಿದ.

"ಕಳ್ಳಿ!" ಎಂದ. "ನಾನಾಗಿದ್ರೆ ಸುಟ್ಟುಹಾಕ್ತಿದ್ದೆ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿದ.

"ಕೂತ್ಕೊಳ್ಳಿ ಮಾವ. ಕೋಪದಲ್ಲಿ ಆಡಿದ ಮಾತಿಗೆಲ್ಲ ಯಾರಾದ್ರೂ ಎದ್ದು ಹೋಗ್ತಾರಾ?"

"ಕೋಪದ್ದಾದ್ರೂ ಮಾತು ನನ್ನದೇ ಅಲ್ವೇನೇ?"

ಮತ್ತೆ ಆತ ಆ ಮೇಜಿನ ಮುಂದೆ ಕೂರಲಿಲ್ಲ. ಎದುರಿನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಎದೆ ಸೆಟೆಸಿ ಕೂರುತ್ತಿದ್ದ. ಒಂದು ದಿನ ಕೆಟ್ಟ ಟಿ.ವಿ.ಯೊಂದನ್ನು ಹೊತ್ತು ಬಂದವನು, "ರಿಪೇರಿಯವರು ನೀವೇ ಅಲ್ವಾ?" ಎಂದು ಕೇಳಿದ.

"ಅವರು ಒಳಗಿದ್ದಾರೆ," ಮುದುಕ ಮೀಸೆ ತಿರುವಿದ. "ನಾನು ಅವರ ಮಾವ."