ಅಳತೆಕೋಲಿನಗಲ

"ಬೆನ್ನಿಗೆ ಮುಲಾಮು ಯಾರು ಹಚ್ಚಿಕೊಡ್ತಾರೆ?" ಎಂದು ನರ್ಸ್ ಕೇಳಿದಾಗ, ಬೆನ್ನು ತೋರಿಸಿ ಕುಳಿತಿದ್ದ ದರ್ಜಿಯಮ್ಮ ತಡವರಿಸದೆ "ನನ್ನ ತಂಗಿ" ಎಂದಳು. ಹೋದ ಸಲವೂ ಅದನ್ನೇ ಹೇಳಿದ್ದಳು.

ಎಕ್ಸಿಮಾದಿಂದ ಒರಟಾಗಿ ಕೆಂಪೇರಿದ್ದ ಬೆನ್ನಿನ ನಡುವೆ ವಾಸಿಯಾದ ಚರ್ಮ ಪಟ್ಟಿಪಟ್ಟಿಯಾಗಿ ಕಾಣುತ್ತಿತ್ತು. ಒಂದೊಂದು ಪಟ್ಟಿಯೂ ಅಳತೆಕೋಲಿನಷ್ಟೇ ಅಗಲ, ಗೆರೆ ಎಳೆದಷ್ಟು ನೇರ. ಕೋಲು ತಲುಪದ ಕಡೆ ಚರ್ಮ ಬಿರಿದು ನೀರು ಒಸರುತ್ತಿತ್ತು. ಮುಲಾಮಿನ ಜೊತೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿಯೂ ಅಂಟಿತ್ತು.

ನರ್ಸ್ ಮುಲಾಮನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಬೆನ್ನಿಗಿಟ್ಟಳು. ದರ್ಜಿಯಮ್ಮನ ಭುಜಗಳು ಒಮ್ಮೆ ಸೆಟೆದು, ಮೆಲ್ಲಗೆ ಇಳಿದವು. ಮನುಷ್ಯರ ಕೈ ಇಷ್ಟು ಬಿಸಿಯಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.

"ದಿನಾ ಸ್ನಾನ ಮಾಡಿ, ಮೈ ತೇವ ಆರೋ ಮುಂಚೆ ಹಚ್ಚಬೇಕು. ಮನೆ ಪಕ್ಕದಲ್ಲೇ ಇದೆಯಲ್ಲ, ಬೆಳಗ್ಗೆ ಇಲ್ಲಿಗೇ ಬಂದುಬಿಡಿ," ಎಂದಳು ನರ್ಸ್. "ನಿಮ್ಮ ತಂಗಿ ಪಾಪ, ಬಟ್ಟೆ ಅಳೆದುಕೊಂಡಿರಲಿ."