ಗುಂಡ್ಲುಪೇಟೆಯಲ್ಲಿ ಇಳಿದ ಕೋಚ್

"ನಿನ್ನಿಂದ್ಲೇ ಕಣ್ಲಾ ನಮ್ಮ ಟೀಮು ಆಳಾಗಿದ್ದು! ಕೋಚ್ ಕೆಲ್ಸ ಬುಟ್ಟು ಓಗು!"

ಗುಂಡ್ಲುಪೇಟೆಯ ಹೋಟೆಲ್ ಮುಂದೆ ಬಸ್ಸಿನಿಂದ ಇಳಿದ ಕೋಚಿಗೆ ಮಾದೇಶ್ ಅಡ್ಡ ನಿಂತು ಕೂಗಿದ. ಅವನು ಅಭಿಮಾನಿಯಾಗಿದ್ದ ಫುಟ್‌ಬಾಲ್ ತಂಡ ಕೇರಳದಲ್ಲೂ ಸೋತು ವಾಪಸಾಗುತ್ತಿತ್ತು. ಬಸ್ಸು ಊಟಕ್ಕೆ ಇಲ್ಲೇ ನಿಲ್ಲುವ ಸುದ್ದಿ ತಿಳಿದು, ಈರುಳ್ಳಿ ಮೂಟೆ ಹೊರುವ ಕೆಲಸ ಬಿಟ್ಟು ಅವನು ಕಾದಿದ್ದ.

ಕೋಚ್ ತಿರುಗಿ ಬೈಯಲಿಲ್ಲ. ಡಿಕ್ಕಿಯಿಂದ ತಮ್ಮ ಚೀಲ ಎಳೆದು ನೆಲಕ್ಕಿಟ್ಟರು. "ಕ್ಲಬ್‌ನವರು ಈಗಷ್ಟೇ ಫೋನ್ ಮಾಡಿ ನನ್ನನ್ನ ತೆಗೆದುಹಾಕಿದ್ರು. ಇನ್ನು ಹುಡುಗರ ಜೊತೆ ಕೂರೋಕೆ ಮನಸ್ಸಿಲ್ಲ. ಮೈಸೂರು ಬಸ್ಸು ಎಲ್ಲಿ ನಿಲ್ಲುತ್ತಪ್ಪ?"

ಆಟಗಾರರು ಕಿಟಕಿಗಳಿಂದ ನೋಡುತ್ತಿದ್ದರು. ಒಬ್ಬನೂ ಇಳಿದು ಬರಲಿಲ್ಲ. ಮಾದೇಶನಿಗೆ ಬೇಕಾದದ್ದೇ ಆಗಿತ್ತು. ಆದರೂ ಅವನು ಬಗ್ಗಿ ಆ ಚೀಲವನ್ನು ಹೆಗಲಿಗೇರಿಸಿಕೊಂಡ.

"ಬನ್ನಿ ಸಾ, ನಾನೇ ಬಸ್ ಅತ್ತುಸ್ಬುಡ್ತೀನಿ."